ಗಾಜಿನ ಮೇಲಿನ ಚೀಟಿ

ಡಂಡೀ ಊರಿನ ಹಿಲ್‌ಟೌನ್ ಇಳಿಜಾರಿನಲ್ಲಿ
ನನ್ನದೊಂದು ಹೊಲಿಗೆಯಂಗಡಿ.
ಪ್ಯಾಂಟಿನ ಅಂಚಿಗೆ ಎಂಟು ಪೌಂಡು,
ಜಿಪ್ಪಿಗೆ ಹನ್ನೆರಡು,
ಮದುವೆಯ ನಿಲುವಂಗಿ ನೋಡಿ ಹೇಳಬೇಕು.
ಒಂದು ಮಂಗಳವಾರ, ಗಿರಾಕಿಯಿಲ್ಲದ ಹೊತ್ತು,
ಗಾಜಿನ ಮೇಲಿನ ದರಪಟ್ಟಿಯ ಕೆಳಗೆ
ಇನ್ನೊಂದು ಸಾಲು ಅಂಟಿಸಿದೆ:
ಬರೆದೂ ಕೊಡಲಾಗುವುದು.
ಏನನ್ನು ಅಂತ ಹೇಳಲಿಲ್ಲ.
ನನಗೇ ಗೊತ್ತಿರಲಿಲ್ಲ.

ಅದಕ್ಕೆ ಮೊದಲು ಒಂಬತ್ತು ವರ್ಷ
ಕಥೆಗಳನ್ನು ಲಕೋಟೆಗೆ ತುಂಬಿ
ಕೆಂಪು ಡಬ್ಬಿಯ ಬಾಯಿಗೆ ಉಣಿಸಿದ್ದೆ.
ಉಂಡು ಸುಮ್ಮನಿತ್ತು ಡಬ್ಬಿ.
ಕೆಲವಕ್ಕೆ ಉತ್ತರ ಬಂತು, ಬಹಳ ನಯವಾಗಿ:
ಚೆನ್ನಾಗಿದೆ, ಆದರೆ ನಮಗಲ್ಲ.
ಹೆಣ್ಣು ನೋಡಲು ಬಂದವರು
ಉಪ್ಪಿಟ್ಟು ಖಾಲಿ ಮಾಡಿ
ಚಪ್ಪಲಿ ಹುಡುಕುತ್ತ ಹೇಳಿದ ಹಾಗೆ.

ಗುಳೇದಗುಡ್ಡದಲ್ಲಿ
ಮಗ್ಗದ ಕುಣಿಗೆ ಕಾಲಿಳಿಬಿಟ್ಟು
ಖಣ ನೇಯುತ್ತ ಅವ್ವ ಅಂದಿದ್ದಳು:
"ಕರೀಲಿ ಅಂತ ಕುಂತ್ರ, ಸಂಗವ್ವಾ,
ಪಂಕ್ತಿ ಎದ್ದು ಕೈ ತೊಳಕೊಂಡ ಹೋಗತದ."
ಕೇಳಿಸಿದ್ದು ಆಗ.
ತಿಳಿಯುವುದಕ್ಕೆ ಇಷ್ಟು ದೂರ ಬರಬೇಕಾಯಿತು,
ಟೇ ನದಿಯ ಗಾಳಿ ಬಾಗಿಲನ್ನು
ಸಾಲಗಾರನ ಹಾಗೆ ಬಡಿಯುವ ಈ ಊರಿಗೆ.

ಮೊದಲು ಬಂದವರು ಡೂಗಲ್ ರ‍್ಯಾಟ್ರೇ,
ಕೋಟಿನ ಒಳಪದರ ಹಾಕಿಸಲು.
ಚೀಟಿ ಓದಿದರು. ಎರಡು ಸಲ ಕೆಮ್ಮಿದರು.
"ತಂಗಿಗೆ ಒಂದು ಕಾಗದ ಆಗಬೇಕು.
ಇಪ್ಪತ್ತಾರು ವರ್ಷ ಮಾತಿಲ್ಲ."
ಅವರ ತಾಯಿ ಸೆಣಬಿನ ಗಿರಣಿಯಲ್ಲಿದ್ದವಳಂತೆ,
ಮಗ್ಗಗಳ ಸದ್ದಿಗೆ ಕಿವಿ ಹೋಗಿ
ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದವಳು.
ನನ್ನವ್ವನೂ ಕೊನೆಕೊನೆಗೆ ಹಾಗೆಯೇ, ಅಂದೆ.
ಅಳತೆಯ ಟೇಪು ಕೊರಳಲ್ಲೇ ಇತ್ತು.
ತೇಪೆ ಹಾಕಿದ ನನ್ನ ಇಂಗ್ಲಿಷಿನಲ್ಲಿ
ಒಂದೂವರೆ ಪುಟ ಬರೆದೆ.
ಐದು ಪೌಂಡು ಅಂದೆ.
ಗಂಟಲು ಒಣಗಿತು.
ಜಿಪ್ಪಿಗೆ ಹನ್ನೆರಡು ಕೇಳುವಾಗ
ಒಮ್ಮೆಯೂ ಒಣಗದ ಗಂಟಲು.

ಆಮೇಲೆ ಬಂದವರು: ಗಂಡ ಸತ್ತ ಅಗ್ನ್ಯೆಷ್ಕಾ,
ಚರ್ಚಿನಲ್ಲಿ ಓದಲು ನಾಲ್ಕು ಮಾತಿಗೆ.
("ಒಳ್ಳೆಯವನಿದ್ದ ಅಂತ ಬೇಡ. ಇರಲಿಲ್ಲ.")
ಮೂರನೇ ಮಹಡಿಯ ಹುಡುಗಿ,
ಮೆಟ್ಟಿಲ ದೀಪ ಕೆಟ್ಟು ಏಳು ತಿಂಗಳೆಂದು
ನಗರಸಭೆಗೆ ದೂರು ಬರೆಸಲು.
ಹತ್ತನೇ ದಿನ ದೀಪ ಹತ್ತಿತು.
ರಾತ್ರಿ ಅಂಗಡಿ ಮುಚ್ಚಿ
ಆ ಮೆಟ್ಟಿಲು ಸುಮ್ಮನೆ ಹತ್ತಿಳಿದು ಬಂದೆ.
ಅಷ್ಟೂ ಕಥೆಗಳಿಂದ
ಒಂದು ಬಲ್ಬೂ ಉರಿದಿರಲಿಲ್ಲ.

ಕೋಟಿನ ಜೇಬುಗಳಲ್ಲಿ ಸಿಕ್ಕಿದ್ದರ ಬಗ್ಗೆ
ಪುಟ್ಟ ಪುಟ್ಟ ಬರಹ ಬರೆಯತೊಡಗಿದೆ:
ಬಸ್ಸಿನ ಚೀಟಿ, ಕಿವಿಯಂತ್ರದ ಬ್ಯಾಟರಿ,
ಯಾರೋ ಅರ್ಧ ತಿಂದು ಮಡಚಿಟ್ಟ ಪೆಪ್ಪರ್‌ಮಿಂಟು.
ಹನ್ನೆರಡಾದಾಗ ಗುಂಡುಸೂಜಿ ಚುಚ್ಚಿ
ವಾರಪತ್ರಿಕೆಯ ಕಚೇರಿಗೆ ನಡೆದೆ.
ಅಂಚೆಯಲ್ಲಲ್ಲ, ಕಾಲಲ್ಲಿ.

"ಬರಲು ಹೇಳಿದ್ದರಾ?" ಕೇಳಿದರು ಸಂಪಾದಕಿ.
ಇಲ್ಲ ಅಂದೆ. ಆದರೆ ನಿಮ್ಮ ಎಡತೋಳಿನ ಗುಂಡಿ
ಒಂದೇ ಎಳೆಯಲ್ಲಿ ನೇತಾಡುತ್ತಿದೆ.
ನೀವು ಓದುತ್ತಿರಿ, ನಾನು ಹೊಲಿಯುತ್ತೇನೆ.
ಕೈ ನನ್ನ ವಶದಲ್ಲಿತ್ತು, ಎದ್ದು ಹೋಗುವಂತಿರಲಿಲ್ಲ.
ಗುಂಡಿ ಹಾಕಲು ಎರಡು ನಿಮಿಷ ಸಾಕು.
ನಾನು ಹನ್ನೊಂದು ನಿಮಿಷ ತೆಗೆದುಕೊಂಡೆ.

ಐದನೇ ಪುಟಕ್ಕೆ ನಕ್ಕರು.
ಎಂಟನೆಯದಕ್ಕೆ ನಗಲಿಲ್ಲ, ಮತ್ತೆ ಮೊದಲಿಂದ ಓದಿದರು.
"ಹದಿನೈದು ದಿನಕ್ಕೊಂದು, ಮುನ್ನೂರು ಪದ.
ನಲವತ್ತು ಕೊಡಬಹುದು."
ದಾರ ಹಲ್ಲಿನಲ್ಲಿ ಕಡಿದು
ಐವತ್ತು ಅಂದೆ.
ಗಂಟಲು ತೇವವಾಗಿಯೇ ಇತ್ತು.
ನಲವತ್ತೈದಕ್ಕೆ ನಿಂತಿತು.

ಈಗಲೂ ಬಾಡಿಗೆ ಕಟ್ಟುವುದು ಪ್ಯಾಂಟಿನ ಅಂಚುಗಳೇ.
ಬೆಳಿಗ್ಗೆ ಐದಕ್ಕೆ ಎದ್ದು ಏಳರವರೆಗೆ ಬರೆಯುತ್ತೇನೆ,
ಬರದಿದ್ದ ದಿನವೂ ಕೂರುತ್ತೇನೆ.
ಚೀಟಿ ಬಿಸಿಲಿಗೆ ಮಾಸಿದೆ, ಬದಲಿಸಿಲ್ಲ.

ನಿನ್ನೆ ರ‍್ಯಾಟ್ರೇ ಮತ್ತೆ ಬಂದಿದ್ದರು.
ತಂಗಿಯ ಉತ್ತರ: ಎರಡೇ ಸಾಲು,
ಎರಡೂ ಬೈಗುಳ.
ಮುಖ ಕೆಂಪಗೆ ಅರಳಿತ್ತು ಮುದುಕನಿಗೆ.
ಕುರ್ಚಿ ಎಳೆದು ಕೂತು, ಕೋಟು ಬಿಚ್ಚದೆ,
"ಬರಿ," ಅಂದರು.
"ಈ ಸಲ ಸ್ವಲ್ಪ ಉದ್ದ."