ಪೆಟ್ಟಿನ ಲೆಕ್ಕ

ನನ್ನ ಕೆಲಸ ಎಣಿಸುವುದಷ್ಟೇ.
ಉಕ್ಕಿನ ಕೊಳವೆಯ ಮೈಗೆ ಅಡಿಗೊಂದು ಬಿಳಿ ಗೆರೆ.
ಸುತ್ತಿಗೆ ಬೀಳುತ್ತದೆ, ಗೆರೆ ಮುಳುಗುತ್ತದೆ,
ಬರೆದುಕೊಳ್ಳುತ್ತೇನೆ: ಹನ್ನೊಂದು. ಹನ್ನೊಂದು. ಒಂಬತ್ತು.
ಮಿಸಿಸಿಪ್ಪಿ ಹೊತ್ತು ತಂದು ಸುರಿದ ಕೆಸರು
ಮೊಸರಿನ ಹಾಗೆ ದಾರಿ ಬಿಡುತ್ತಿತ್ತು.

ಇನ್ನೂರ ನಲವತ್ತನೇ ಅಡಿಗೆ ಸುತ್ತಿಗೆ ಕೆಟ್ಟಿತು.
ಬಿಡಿಭಾಗ ದಡದಿಂದ ಬರಲು ಎರಡು ಹಗಲು, ಎರಡು ರಾತ್ರಿ.
ಇಸ್ಪೀಟು ಆಡಿದೆವು. ಸೀಗಡಿ ಬೇಯಿಸಿದೆವು.
ಮತ್ತೆ ಶುರುವಾದಾಗ
ಅದೇ ಕೊಳವೆ, ಅದೇ ಸುತ್ತಿಗೆ, ಅದೇ ಕೆಸರು;
ಒಂದು ಅಡಿಗೆ ನೂರ ಎಂಬತ್ತು ಪೆಟ್ಟು.
‘ನಿದ್ದೆ ಮಾಡಿ ಎದ್ದಿದೆ ಕಣೋ ಇದು’ ಎಂದ
ಫೋರ್‌ಮನ್ ಒಡಿಲಾನ್ ವರ್ಡಿನ್.
ಪೆಟ್ಟಿಗೆ ಬೆದರಿದ್ದ ನೀರು ಮೆಲ್ಲಗೆ ಸರಿದುಹೋಗಿ
ಜೇಡಿ ಉಕ್ಕಿಗೆ ಒರಗಿ
ಉಡದ ಪಟ್ಟು ಹಿಡಿದಿತ್ತು.

ಮೂವತ್ತೆಂಟು ವರ್ಷವಾಯಿತು. ಒಡಿಲಾನ್ ಈಗಿಲ್ಲ.

ಈ ಆಗಸ್ಟಿನ ಚಂಡಮಾರುತಕ್ಕೆ
ಎಲ್ಲರನ್ನೂ ಹೆಲಿಕಾಪ್ಟರಿನಲ್ಲಿ ಇಳಿಸಿದರು.
ನಾನು ಹೂಮಾ ಪಟ್ಟಣದ ಶಾಲೆಯೊಂದರ ನೆಲದ ಮೇಲೆ
ಗಾಳಿ ಕೇಳುತ್ತ ಮಲಗಿದ್ದೆ;
ಮಲಗಿದ್ದೆ ಅನ್ನುವುದು ಸುಳ್ಳು.
ಅಲ್ಲಿ, ಕತ್ತಲ ಕಡಲಲ್ಲಿ,
ಗಾಳಿಯ ಕಡೆಯ ಕಾಲು ಕಿತ್ತು ಬರಲು ಹವಣಿಸುತ್ತಿರಬೇಕು,
ಆಚೆಯ ಕಾಲು ಹೂತುಹೋಗಲು.
ಒಂದು ಅಲೆ ದಾಟಿತೆಂದರೆ ಇನ್ನೊಂದು.
ಮೇಲಿನ ಮಣ್ಣು ಗಂಜಿಯಾಗಿ ಸಂದು ಬಿಟ್ಟಿರಬೇಕು,
ಉಕ್ಕು ಬಾಗಿರಬೇಕು, ಬಾಗಲಿ.
ಆಳದಲ್ಲಿ ಹಿಡಿದವರು ಬೇರೆ.
ನಿಧಾನ ಎಳೆದರೆ ಜೇಡಿ ಸಡಿಲೀತು,
ರಭಸಕ್ಕೆ ಇನ್ನೂ ಬಿಗಿಯುತ್ತದೆ;
ಚಂಡಮಾರುತಕ್ಕೋ, ನಿಧಾನ ಗೊತ್ತಿಲ್ಲ.

ಹದಿನೈದು ದಿನಕ್ಕೆ ಹ್ಯೂಸ್ಟನ್ನಿನಿಂದ ಬಂದಳು
ಡಿಯೆಮ್ ಲುವಾಂಗ್, ಎಂಜಿನಿಯರು, ನನ್ನ ಮೊಮ್ಮಗಳ ವಯಸ್ಸು.
‘ನಮ್ಮ ಲೆಕ್ಕದಲ್ಲಿ ಅದು ಬೀಳಬೇಕಿತ್ತು’ ಎಂದಳು,
ನಿಂತದ್ದಕ್ಕೆ ಕ್ಷಮೆ ಕೇಳುವವಳ ಹಾಗೆ.
ಮಾತ್ರೆಯ ಡಬ್ಬಿ ಜೊತೆ ಶಾಲೆಗೆ ಒಯ್ದಿದ್ದ
ಹಳದಿ ಪುಸ್ತಕ ಕೊಟ್ಟೆ.
ಅವಳ ಬೆರಳು ಹನ್ನೊಂದು, ಒಂಬತ್ತು ದಾಟಿ
ನೂರ ಎಂಬತ್ತರಲ್ಲಿ ನಿಂತಿತು.
ಪಕ್ಕದಲ್ಲಿ ನನ್ನದೇ ಸೊಟ್ಟ ಅಕ್ಷರ:
ಸುತ್ತಿಗೆ ಕೆಟ್ಟಿತು. ಕಾದೆವು.
ಬಹಳ ಹೊತ್ತು ಓದಿದಳು, ಅಷ್ಟನ್ನೇ.

ನಾವು ಕೂತದ್ದು ಕೊಕೊಡ್ರಿಯಲ್ಲಿ, ನನ್ನ ಮನೆಯ ಮೆಟ್ಟಿಲ ಮೇಲೆ.
ಪೈನ್ ಮರದ ಹನ್ನೆರಡು ಕಂಬ,
ನಾನೇ ನೆಟ್ಟವು, ಒಂದೂ ವಾಲಿಲ್ಲ.
ಅಭ್ಯಾಸಬಲ, ಮತ್ತೆ ಎಣಿಸಿದೆ.
ಅವಳೂ ತಲೆಯೆತ್ತಿ ನೋಡಿದಳು.
ಕಂಬಗಳ ಮೇಲೆ ಬರೀ ಆಕಾಶವಿತ್ತು.