ಅರವತ್ತರಲ್ಲಿ ಒಂದು

ನಾನು ಕನ್ನಡ ಮೇಷ್ಟ್ರು. ಈ ಪರೀಕ್ಷೆಯಲ್ಲಿ
ನನ್ನ ಪಾಠಕ್ಕೆ ಅಂಕವಿಲ್ಲ. ಅದಕ್ಕೇ
ನನ್ನನ್ನು ಕಾವಲಿಗೆ ಹಾಕುತ್ತಾರೆ.

ಚಿಂತಾಮಣಿ, ಏಪ್ರಿಲ್, ಬೆಳಗಿನ ಹತ್ತೂವರೆ.
ಕಿಟಕಿಯಾಚೆ ಅಂಬಾಜಿದುರ್ಗ, ಕಾದ ಹಂಚು.
ಒಳಗೆ ಇಪ್ಪತ್ತನಾಲ್ಕು ತಲೆ, ಒಂದೇ ಫ್ಯಾನು,
ವಾಚು ಗೇಟಿನಲ್ಲೇ ಬಿಚ್ಚಿಟ್ಟು ಬಂದ ಮಣಿಕಟ್ಟುಗಳಲ್ಲಿ
ಬಿಸಿಲು ಕಾಣದ ಬಿಳಿ ಪಟ್ಟಿ.

ಸೂಚನೆ ಓದಿದೆ, ಪದ್ಯ ಓದುವ ದನಿಯಲ್ಲೇ;
ಬೇರೆ ದನಿ ನನಗಿಲ್ಲ.
ನೀಲಿ ಅಥವಾ ಕಪ್ಪು ಬಾಲ್‌ಪೆನ್ನು.
ವೃತ್ತ ಪೂರ್ತಿ ತುಂಬಬೇಕು, ಗೆರೆ ದಾಟಬಾರದು.
ಒಂದಕ್ಕೆ ಎರಡು ತುಂಬಿದರೆ ಎರಡೂ ಹೋಯಿತು.
ತಪ್ಪಿಗೆ ಅಂಕ ಕಳೆಯುವುದಿಲ್ಲ.
"ವರ್ಷನ್ ಕೋಡ್ ಅಂಟೇ ಏಮಿ ಸಾರ್?" ಎಂದ ದಿಬ್ಬೂರಹಳ್ಳಿಯ ಹುಡುಗ
ತಟ್ಟನೆ ಬಾಯಿಗೆ ಕೈ ಹಿಡಿದ, ಮನೆಮಾತು ಜಾರಿತ್ತು.
ಪಕ್ಕದವನ ಪ್ರಶ್ನೆಗಳೂ ನಿನ್ನವೇ ಕಣಪ್ಪ, ಕ್ರಮ ಬೇರೆ,
ಅವನ ಮೂರನೆಯದು ನಿನಗೆ ನಲವತ್ತೊಂದು,
ಇಣುಕಿ ಉಪಯೋಗವಿಲ್ಲ, ಎಂದೆ.
ಬದುಕೂ ಹಾಗೇ ಎನ್ನಲು ಹೊರಟು ಬಾಯಿ ಮುಚ್ಚಿದೆ.
ಸೂಚನಾಪತ್ರದಲ್ಲಿ ಅದಿರಲಿಲ್ಲ.

ನಮ್ಮ ಕಾಲದಲ್ಲಿ ಗೊತ್ತಿಲ್ಲದ್ದನ್ನೂ ಎರಡು ಪುಟ ಬರೆಯುತ್ತಿದ್ದೆವು.
ಹೆಚ್ಚುವರಿ ಹಾಳೆ ಕೇಳಿ, ಬಿಳಿ ದಾರದಲ್ಲಿ ಬಿಗಿದು,
ಉದ್ದ ನೋಡಿ ಮರುಗಿಯಾದರೂ ಒಂದೆರಡು ಹಾಕಿಯಾರೆಂದು.
ಇಲ್ಲಿ ಮರುಗುವವರು ಯಾರು?
ಯಂತ್ರಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು.
ಪಿಯುಸಿಯ ಅರ್ಧ, ಇಲ್ಲಿಯ ಅರ್ಧ, ಕೂಡಿಸಿದರೆ ಒಂದು ನಂಬರು.
ಆ ನಂಬರಿಗೆ ಒಂದು ಊರು, ಒಂದು ಹಾಸ್ಟೆಲ್ಲು,
ಇಲ್ಲವೇ ಊರೂ ಇಲ್ಲ.

ಕೊನೆಯ ಬೆಂಚು, ತರನ್ನುಮ್, ಶಿಡ್ಲಘಟ್ಟ.
ಅಪ್ಪ ಬಾಬಾಜಾನ್, ರೇಷ್ಮೆ ನೂಲು ಬಿಚ್ಚುವವನು.
ಗೂಡಿನ ಮಾರುಕಟ್ಟೆಯಲ್ಲಿ ಒಮ್ಮೆ ಕಂಡಿದ್ದೆ ಅವನ ಪರೀಕ್ಷೆ.
ಲಾಟಿನಿಂದ ಒಂದು ಹಿಡಿ ತೆಗೆದು, ಒಂದೇ ಒಂದು ಗೂಡನ್ನು
ಕಿವಿಯ ಬಳಿ ಅಲ್ಲಾಡಿಸುತ್ತಿದ್ದ.
ಒಳಗಿನ ಹುಳು ಕಟಕಟ ಎಂದರೆ ತಲೆದೂಗುತ್ತಿದ್ದ,
ಅಷ್ಟೇ, ರೇಟು ಕೂಗುತ್ತಿದ್ದ.

ಮಗಳು ಪ್ರಶ್ನೆ ಓದಿ ಕಣ್ಣು ಮುಚ್ಚುತ್ತಾಳೆ.
ಡೆಸ್ಕಿನ ಮೇಲೆ ಬೆರಳು ಮೆಲ್ಲನೆ ಸುತ್ತುತ್ತದೆ,
ಕುದಿನೀರ ಬೋಗುಣಿಯಲ್ಲಿ ಎಳೆಯ ತುದಿ ಹುಡುಕುವ ಹಾಗೆ.
ಬೆಂದ ಗೂಡಿಗೆ ತುದಿ ಒಂದೇ, ನಾಲ್ಕಲ್ಲ.
ಸಿಕ್ಕರೆ ಅರ್ಧ ಮೈಲಿ ಬಿಚ್ಚಿಕೊಳ್ಳುತ್ತದೆ.
ಸಿಗದಿದ್ದರೆ ಸಿಕ್ಕು.

ಐದು ನಿಮಿಷದ ಗಂಟೆ ಹೊಡೆಯಿತು.
ಪೆನ್ನುಗಳ ಸರಸರ, ನಾಲ್ಕನೇ ಜ್ವರ ಎದ್ದ ಹುಳುಗಳು
ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು.
ದಿಬ್ಬೂರಹಳ್ಳಿ ಕಣ್ಣುಮುಚ್ಚಿ ತುಂಬಿತು: ಸಿ, ಸಿ, ಸಿ, ಸಿ.
ತರನ್ನುಮ್ ಪೆನ್ನಿಗೆ ಕ್ಯಾಪು ಹಾಕಿ ಕೂತಿದ್ದಳು.

ಹಾಳೆ ತೆಗೆದುಕೊಂಡೆ. ಐವತ್ತೊಂಬತ್ತು ಕಪ್ಪು ಚುಕ್ಕೆ.
ನಲವತ್ತಮೂರರ ಮುಂದೆ ನಾಲ್ಕೂ ಬಿಳಿ.
ನಕಲು ಪ್ರತಿ ಹರಿದು ಅವಳಿಗೆ ಕೊಟ್ಟೆ.
ಕೇಳುವಂತಿರಲಿಲ್ಲ. ಆಮೇಲೆ ಮೆಟ್ಟಿಲಲ್ಲಿ ಕೇಳಿದೆ.

"ಅದು ಗೊತ್ತಿರಲಿಲ್ಲ ಸಾರ್."
"ಯಾವುದೋ ಒಂದು ತುಂಬೋದಲ್ವೇನಮ್ಮ? ಕಳೆಯಲ್ಲ ಅಂತ ಓದಿದೆನಲ್ಲ?"
"ಓದಿದ್ರಿ." ನಕಲನ್ನು ನಾಲ್ಕು ಮಡಿಕೆ ಮಾಡಿದಳು.
"ಗೊತ್ತಿಲ್ಲ ಅನ್ನೋದಕ್ಕೆ ಬಬಲ್ ಇರಲಿಲ್ಲ ಸಾರ್.
ಅದಕ್ಕೆ ಬಿಟ್ಟೆ."

ಬೈದೆ. ಒಂದು ಅಂಕಕ್ಕೆ ಎಷ್ಟು ನೂರು ಜನ
ನಿನ್ನ ಮುಂದೆ ಹೋಗಿ ನಿಲ್ತಾರೆ ಗೊತ್ತಾ ಎಂದು ಬೈದೆ.
ಮಧ್ಯಾಹ್ನದ ಪತ್ರಿಕೆಯಲ್ಲಿ ಹೀಗೆ ಮಾಡಬೇಡ ಎಂದೆ.
ಸರಿ ಸಾರ್ ಎಂದು ಟ್ಯಾಂಕಿನ ನಲ್ಲಿಗೆ ಹೋದಳು,
ಹೊಳ್ಳೆ ಹಿಡಿದು ನೀರು ಕುಡಿದಳು, ಬೊಗಸೆಯ ತುಂಬ.

ಮಧ್ಯಾಹ್ನ ನನಗೆ ಬೇರೆ ಕೊಠಡಿ ಬಿತ್ತು.
ಕೊನೆಯ ಗಂಟೆಗೆ ಇಪ್ಪತ್ತನಾಲ್ಕು ಹಾಳೆ ಎಣಿಸಿದೆ.
ಒಂದರಲ್ಲೂ ಜಾಗವಿಲ್ಲ, ಎಲ್ಲರಿಗೂ ಎಲ್ಲವೂ ಗೊತ್ತಿತ್ತು.
ಎಣಿಕೆ ಸರಿಯಿದ್ದರೂ ಮತ್ತೆ ಮೊದಲಿನಿಂದ ತಿರುವಿದೆ,
ನಡುವೆ ಎಲ್ಲಾದರೂ ಒಂದು ಬಿಳಿ.

"ಮೇಷ್ಟ್ರೇ, ಕವರ್ ಸೀಲ್ ಆಗಬೇಕು,
ಎಷ್ಟು ಸಲ ಎಣಿಸ್ತೀರಿ?"