ಎಡತೋಳು

ಬಿಸ್ಕೀಟಿನ ಡಬ್ಬಿಯಲ್ಲಿ ಹನ್ನೊಂದು ಇದ್ದವು.
ಎಣಿಸಿ ಇಟ್ಟದ್ದು ಅಪ್ಪನೇ,
ಮುಚ್ಚಳದ ಒಳಗೆ ೧೧ ಎಂದು ಬರೆದು
ಕೆಳಗೊಂದು ಗೆರೆ ಎಳೆದು.

ಕೆಂಪು ಮಕಮಲ್ಲಿನ ಮೇಲೆ ಜರಿಯ ನವಿಲು:
ಹೊಂಡದ ಸರ್ಕಲ್ಲಿನ ಮಯೂರ ಬ್ಯಾಂಡ್ ಸೆಟ್.
ಹಸಿರಿನ ಮೇಲೆ ಜೋಡಿ ತುತ್ತೂರಿ: ನ್ಯೂ ಸಿತಾರಾ,
ಮೂರು ಮದುವೆ ಸೀಜನ್ನು,
ಕೂಲಿ ಬಾಕಿ ಇನ್ನೂ ಐತಿ ಅಂತಾಳೆ ಅವ್ವ.
ಬ್ರಾಸ್ ಎಂದಿರಬೇಕಾದಲ್ಲಿ ಬಾಸ್ ಎಂದು
ತಪ್ಪಾಗಿ ಹೊಲಿದದ್ದೊಂದು;
ಅದನ್ನು ತೊಟ್ಟ ವರ್ಷವೆಲ್ಲ
ಮಂಡಿಪೇಟೆಯ ಹುಡುಗರು ಅಪ್ಪನನ್ನು
ಬಾಸೂ, ಬಾಸೂ ಎಂದೇ ಕರೆದರಂತೆ.

ಬ್ಯಾಂಡು ಬಿಡುವಾಗ ಕೋಟು ವಾಪಸು ಕೊಡಬೇಕು,
ಟೋಪಿ ಕೊಡಬೇಕು, ಬಿಳಿ ಬೆಲ್ಟು ಕೊಡಬೇಕು.
ಎಡತೋಳಿನ ಬಿಲ್ಲೆಯನ್ನು ಮಾತ್ರ
ಬ್ಲೇಡಿನಲ್ಲಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಬರುತ್ತಿದ್ದ.
ಕಳ್ಳತನ ಅಲ್ಲವಾ ಎಂದು ಕೇಳಿದ್ದೆ, ಎಂಟನೇ ಕ್ಲಾಸಿನಲ್ಲಿ.
ಕ್ಲಾರಿಯೋನೆಟ್ಟಿನ ರೀಡು ನೆಕ್ಕುತ್ತ ಅಂದ:
ಕೋಟು ಅವರದು. ತೋಳು ನಂದು.

ಫ್ರೇಮ್ ಹಾಕಿಸೋಣ ಅಂದ ತಿಪ್ಪೇಶಿ,
ಚೌಕಿಪೇಟೆಯ ಗಾಜಿನವನು ಗುರುತಿನವನು.
ಗಾಜಿನಾಗೆ ಫೋಟೋ ಒಂದು ಸಾಕು, ಅಂದಳು ಅವ್ವ.
ಕೌದಿ ಮಾಡು.

ನಾನು ನೈಟಿ ಹೊಲಿಯುವವಳು,
ಪೀಸಿಗೆ ಇಷ್ಟು ಅಂತ, ಮೋಟಾರು ಮೆಷಿನ್ನು.
ಮಕಮಲ್ಲು ಹಲ್ಲಿನ ಮೇಲೆ ಜಾರಿತು,
ಜರಿಗೆ ಎರಡು ಸೂಜಿ ಮುರಿದವು.
ಕೊನೆಗೆ ಅವ್ವನ ಹಳೇ ಇಳಕಲ್ ಸೀರೆ
ಪದರ ಪದರ ಹಾಸಿ, ನೆಲದಲ್ಲೇ ಕೂತು
ಬಿಲ್ಲೆ ಜೋಡಿಸಿದೆ.
ಎರಡು ಸಾಲಿಗೂ ಹೊಂದವು, ಮೂರು ಸಾಲಿಗೂ ಹೊಂದವು.
ಎಲ್ಲಿಂದ ಶುರು ಮಾಡಿದರೂ
ಮೂಲೆಯಲ್ಲಿ ಒಂದರ ಜಾಗ ಖಾಲಿ.

ಒಂದು ಬಿಲ್ಲೆ ದಪ್ಪ.
ಎಲ್ಲಕ್ಕಿಂತ ಹಳೆಯದು, ಕೋಟೇ ಇಲ್ಲದ ಬ್ಯಾಂಡಿನದು;
ನಿಮ್ಮ ನಿಮ್ಮ ಅಂಗಿಗೇ ಹೊಲಕೊಂಡು ಬರ್ರಿ ಎಂದಿದ್ದರಂತೆ.
ಹಿಂದೆ ಖಾಕಿ ತೋಳಿನ ತುಂಡು ಹಾಗೇ ಇದೆ,
ಸುತ್ತ ಅಪ್ಪನ ಕೈಹೊಲಿಗೆ,
ಒಂದು ಉದ್ದ, ಒಂದು ಗಿಡ್ಡ, ಒಂದು ಓರೆ.
ಬಿಚ್ಚಿದೆ.

ಕೆಳಗೆ ಇನ್ನೊಂದು.
ಮಾಸಿದ ಬಿಳಿ ಕ್ಯಾನ್ವಾಸು, ಕಪ್ಪು ದಾರ:
ಕಾಟನ್ ಮಿಲ್. ನೂಲುವ ಖಾತೆ. ರಾತ್ರಿ ಪಾಳಿ.
೪೧೨.

ಹುಟ್ಟಿದಾಗಲೇ ಬಾಯಲ್ಲಿ ಕ್ಲಾರಿಯೋನೆಟ್ ಇತ್ತು
ಎಂದು ನಮ್ಮನ್ನು ನಗಿಸುತ್ತ ಬಂದ ಮನುಷ್ಯ.
ಕೆಮ್ಮು ಕೇಳಿದ ಡಾಕ್ಟರು
ಮಿಲ್ಲಿನಲ್ಲಿ ಇದ್ದಿರಾ ಎಂದರೆ
ಇಲ್ಲ ಸಾರ್, ಊದಿ ಊದಿ ಹಿಂಗಾಗೈತಿ ಅಂದವನು.
ಪಕ್ಕದಲ್ಲಿ ನಾನಿದ್ದೆ,
ಎಕ್ಸ್‌ರೇ ಕವರು ಹಿಡಿದುಕೊಂಡು.

ಅವ್ವನ ಮುಂದೆ ಹಿಡಿದೆ.
ಗೊತ್ತಿತ್ತು ಅವಳಿಗೆ.
ಗೇಟಿಗೆ ಬೀಗ ಬಿದ್ದ ದಿನ ಮನಿಗೆ ಬಂದು
ಊಟ ಕೇಳಲಿಲ್ಲ, ಅಂದಳು,
ಸೂಜಿ ಕೇಳಿದ.
ಆಮೇಲೆ ಬೆಳ್ಳುಳ್ಳಿ ಸುಲಿಯುವುದಕ್ಕೆ ಕೂತಳು,
ಬೇಕಾದ್ದಕ್ಕಿಂತ ಜಾಸ್ತಿ ಸುಲಿದಳು.

ಈಗ ಹನ್ನೆರಡು.
ನಾಲ್ಕರ ಮೂರು ಸಾಲು, ಲೆಕ್ಕ ಕೂಡುತ್ತಿತ್ತು.
ಖಾಲಿ ಮೂಲೆಯಲ್ಲಿ ಇಟ್ಟು ನೋಡಿದೆ.
ನೋಡಿದೆ.
ತೆಗೆದೆ.
ಹಳೇ ತೂತುಗಳು ಇನ್ನೂ ಬಾಯಿ ಬಿಟ್ಟುಕೊಂಡೇ ಇದ್ದವು;
ಅವನ ತೂತಿನಲ್ಲೇ ನನ್ನ ಸೂಜಿ ಇಳಿಸಿ
ಒಂದು ಉದ್ದ, ಒಂದು ಗಿಡ್ಡ, ಒಂದು ಓರೆ,
ಅವನು ಮುಚ್ಚಿದಂತೆಯೇ ಮುಚ್ಚಿದೆ.
ಇಪ್ಪತ್ತು ವರ್ಷ ನೇರ ಹೊಲಿದ ಕೈಗೆ
ಓರೆ ಹೊಲಿಯುವುದು ಎಷ್ಟು ಕಷ್ಟ.
ಖಾಲಿ ಜಾಗಕ್ಕೆ ನನ್ನ ನೈಟಿಯ ಚಿಂದಿ ಬಿತ್ತು,
ಕಿತ್ತಳೆ ಹೂವಿನದು, ಸ್ವಲ್ಪವೂ ಒಪ್ಪುವುದಿಲ್ಲ.

ಕೌದಿಯ ಮೂಲೆಗೆ ತುತ್ತು ಇಡದಿದ್ದರೆ
ಹೊದ್ದವರಿಗೆ ಕನಸಲ್ಲೂ ಹಸಿವಂತೆ.
ಊರೆಲ್ಲ ರೊಟ್ಟಿ ಚೂರು ಇಡುತ್ತದೆ.
ಅವ್ವ ಮಂಡಕ್ಕಿ ಇಟ್ಟಳು, ಮೂಲೆಗೆ ನಾಲ್ಕು ಕಾಳು:
ಮೆರವಣಿಗೆ ಮುಗಿಸಿ ನಡುರಾತ್ರಿ ಬಂದು
ತುಟಿ ಊದಿಕೊಂಡವನು ತಿನ್ನುತ್ತಿದ್ದದ್ದು ಅದನ್ನೇ,
ಮೆಣಸಿನಕಾಯಿ ಬ್ಯಾಡ, ಉರಿತೈತಿ, ಎನ್ನುತ್ತ.

ಭಾನುವಾರ ತಿಪ್ಪೇಶಿ ಬಂದು ಹೊದ್ದು ನೋಡಿದ.
ಭಾರ ಐತಿ ಅಂದ.
ನವಿಲು ಗದ್ದಕ್ಕೆ ಚುಚ್ಚುತೈತಿ ಅಂದ.
ತಿರುಗಿಸಿ ಹೊದ್ದು, ಮೊಣಕೈ ಊರಿ ಮಗ್ಗುಲಾದ;
ಮೂಲೆಯಲ್ಲಿ ಮಂಡಕ್ಕಿ
ಕರ್ ಎಂದಿತು.